ಜೊತೆಗೆ ಹೋದವಳು

ತುಪ್ಪ ಹೊತ್ತುತ್ತಿದೆ, ಯಾರೋ ರವೆ ಮಗುಚುವುದನ್ನು ಬಿಟ್ಟು ಎಲ್ಲೋ ನೋಡುತ್ತಿದ್ದಾರೆ, ಹೋಟೆಲಿನ ಅಡುಗೆಮನೆಯ ಹೊಗೆ ಹಿಂದಿನ ಮೆಟ್ಟಿಲು ಹತ್ತಿ ಮೇಲಿನ ಮನೆಯೊಳಕ್ಕೆ ಬರುತ್ತಿದೆ, ಹಾಗಾದರೆ ಇನ್ನೊಂದು ಬಾಣಲೆ ಶಿರಾ ಇಟ್ಟಿದ್ದಾರೆ, ಇನ್ನೂ ಯಾಕೆ, ಸಾಕು ಎಂದು ಯಾರೂ ಹೇಳಲಿಲ್ಲವೇ — ಅನಸೂಯ ಕಿಟಕಿಯ ಸರಳು ಹಿಡಿದು ನಿಂತಿದ್ದಾಳೆ, ಜೂನ್ ತಿಂಗಳಾದರೂ ನಾಸಿಕಕ್ಕೆ ಮಳೆ ಬಂದಿಲ್ಲ, ಸರಳು ಕಾದಿದೆ, ಸುಡುತ್ತಿದೆ ಎಂಬುದು ಗೊತ್ತಾಗುತ್ತಿದೆ, ಸುಡುತ್ತಿರುವುದು ತನ್ನದೇ ಕೈ ಎಂದು ಮಾತ್ರ ಅನ್ನಿಸುತ್ತಿಲ್ಲ, ಪಾಸಾದದ್ದು ನೀವು ಅತ್ತಿಗೆ, ಸದಾನಂದ ಹೇಳಿದ್ದು ಇದೇ ಕಿಟಕಿಯ ಹತ್ತಿರ, ಮೈದುನನ ಮುಖದಲ್ಲಿ ಬಸ್ಸಿನ ಧೂಳು ಹಾಗೇ ಇತ್ತು, ಹರಿಣಿ ಅಲ್ಲ, ನೀವು, ಹರಿಣಿಯದ್ದು ಗಣಿತದಲ್ಲಿ ಹೋಯಿತು, ಮತ್ತೆ ಅವನು ನಗಬೇಕೋ ಬೇಡವೋ ತಿಳಿಯದೆ ಚಪ್ಪಲಿ ಬಿಟ್ಟ ಕಾಲನ್ನೇ ನೋಡಿಕೊಂಡ. ಬೆಳಿಗ್ಗೆ ಔರಂಗಾಬಾದಿನಿಂದ ಟ್ರಂಕ್ ಕಾಲ್ ಮಾಡಿದವನು ಅವನೇ, ಅಣ್ಣಯ್ಯ, ಇಬ್ಬರಲ್ಲಿ ಒಬ್ಬರು ಪಾಸು, ಒಬ್ಬರು ಫೇಲು, ಬಸ್ ಹಿಡಿದು ನಾನೇ ಬರ್ತೇನೆ, ಅಷ್ಟು ಹೇಳುವಾಗ ಲೈನು ಹೋಯಿತು, ಫೋನ್ ಕೆಳಗಿಟ್ಟ ಗಂಡ ಯಾರು ಎಂದು ಯೋಚನೆ ಕೂಡ ಮಾಡಲಿಲ್ಲ, ಯೋಚನೆ ಮಾಡುವುದಕ್ಕೆ ಏನಿತ್ತು, ಮಗಳು ಓದಲು ಹೋದವಳು, ಹೆಂಡತಿ ಜೊತೆಗೆ ಹೋದವಳು, ಪಾಸಾದರೆ ಯಾರು ಪಾಸಾಗಬೇಕು — ಹೋಯ್, ನಿನ್ನದು ಹೋಯ್ತು ಮಾರಾಯ್ತಿ, ಮಗಳದ್ದು ಆಯ್ತು ಎಂದು ಮೆಟ್ಟಿಲ ಬುಡದಿಂದ ಕೂಗಿ, ನಕ್ಕು, ಈ ಹೊತ್ತು ಬಂದವರಿಗೆಲ್ಲ ಒಂದೊಂದು ಪ್ಲೇಟ್ ಶಿರಾ, ಹಣ ತಗೊಳ್ಬೇಡಿ ಎಂದು ಅಡುಗೆಯವರಿಗೆ ಹೇಳಿದರು, ಊರು ಬಿಟ್ಟು ಬಂದು ಹೋಟೆಲು ಇಟ್ಟ ದಿನದಿಂದ ಅದೊಂದು ಪದ್ಧತಿ, ಮನೆಯಲ್ಲಿ ಒಳ್ಳೆಯದು ನಡೆದರೆ ಗಿರಾಕಿಗೆ ಸಿಹಿ, ಹರಿಣಿ ಹುಟ್ಟಿದಾಗಲೂ ಕೊಟ್ಟಿದ್ದರು. ಬೆಳಗಿನಿಂದ ನಾಸಿಕದ ಅರ್ಧ ಪೇಟೆ ಹರಿಣಾಕ್ಷಿ ಪಾಸಾದ ಶಿರಾ ತಿಂದಿದೆ. ಈಗ ನಿಜ ತಿಳಿದ ಮೇಲೆ ಅವರು ಹಣದ ಗಲ್ಲೆಗೆ ಹೋಗಿ ಕೂತು ಹೇಳಿದ್ದು ಎರಡೇ ಮಾತು, ಶಿರಾ ನಿಲ್ಲಿಸಿದರೆ ಜನ ಕೇಳ್ತಾರೆ, ನಡೀಲಿ, ಮತ್ತೆ ಸದಾನಂದ, ನೀನು ಐದರ ಬಸ್ಸಿಗೆ ಹೊರಡು, ಹರಿಣಿಯ ಧಾರೆಯ ಮಾತು ಆಯ್ತು ಅಂತ ರತ್ನಾಕರನ ಕಡೆಯವರಿಗೆ ಹೇಳಿಬಿಡು.

ಹೇಳಿಬಿಡು — ಹಾಗೆ ಹೇಳಿದರು, ಸಾಂಬಾರಿಗೆ ಉಪ್ಪು ಹಾಕು ಎಂದ ಹಾಗೆ, ಅದರಲ್ಲಿ ಸಿಟ್ಟೂ ಇರಲಿಲ್ಲ, ಸಿಟ್ಟು ಮಾಡಿದ್ದರೆ ಅನಸೂಯ ಏನಾದರೂ ಹೇಳುತ್ತಿದ್ದಳೇನೋ, ಮಾತು ಮೊದಲೇ ಆಗಿತ್ತಲ್ಲ, ಪಾಸಾದರೆ ಕಾಲೇಜು, ಫೇಲಾದರೆ ಮದುವೆ, ದೀಪಾವಳಿಯ ದಿನ ಎಣ್ಣೆ ಹಚ್ಚಿಸಿಕೊಳ್ಳುತ್ತಾ ಹೇಳಿದ್ದು, ಹರಿಣಿ ಹೂಂ ಅಪ್ಪಯ್ಯ ಎಂದಿದ್ದಳು, ಎಷ್ಟು ಖುಷಿಯಿಂದ ಹೂಂ ಎಂದಿದ್ದಳು, ಆಗ ಅವಳ ಕಣ್ಣಿಗೆ ಕಂಡದ್ದು ಕಾಲೇಜು ಮಾತ್ರ, ಕಾಲೇಜಿಗೆ ಹೋಗುವ ಹುಡುಗಿಯರು ಎರಡು ಜಡೆ ಹಿಂದಕ್ಕೆ ಹಾಕಿಕೊಂಡು ಸೈಕಲ್ಲಿನಲ್ಲಿ ಈ ರಸ್ತೆಯಲ್ಲೇ ಹೋಗುತ್ತಾರೆ, ಅಮ್ಮ ಅದು ನೋಡು, ನೀಲಿ ಸೀರೆ, ಅವಳು ಸೈನ್ಸು, ಎಂದು ಹರಿಣಿ ಇಲ್ಲೇ ನಿಂತು ತೋರಿಸುತ್ತಿದ್ದಳು, ಯಾರು ಯಾವ ಕ್ಲಾಸು ಎನ್ನುವುದೆಲ್ಲ ಅವಳಿಗೆ ಗೊತ್ತು. ಒಂಬತ್ತನೆಯ ತರಗತಿಗೆ ಶಾಲೆ ಬಿಡಿಸಿದ್ದರು, ಅತ್ತೆ ಹಾಸಿಗೆ ಹಿಡಿದ ವರ್ಷ, ಮನೆಯಲ್ಲಿ ಇನ್ನೊಂದು ಕೈ ಬೇಕಾಗಿತ್ತು, ಅತ್ತೆ ತೀರಿಕೊಂಡ ಮೇಲೆ ಮನೆಯಲ್ಲೇ ಓದಿ ಮೆಟ್ರಿಕ್ ಪರೀಕ್ಷೆ ಕಟ್ಟುತ್ತೇನೆ ಎಂದು ಹುಡುಗಿ ಅನ್ನ ಬಿಟ್ಟು ಕೂತಾಗ ಇವರು ಒಪ್ಪಿದರು, ಆದರೆ ನಾಸಿಕದಲ್ಲಿ ಬೇಡ, ಇಲ್ಲಿ ಎಲ್ಲರಿಗೂ ನಾವು ಗೊತ್ತು, ಫೇಲಾದರೆ ಅಲ್ಲಿ ಸದಾನಂದನ ಊರಲ್ಲಿ ಫೇಲಾಗಲಿ, ಯಾರಿಗೂ ಗೊತ್ತಾಗುವುದು ಬೇಡ — ಯಾರಿಗೂ ಗೊತ್ತಾಗುವುದು ಬೇಡ ಎಂದವರೇ ಇವತ್ತು ಬೀದಿಗೆಲ್ಲ ಹಂಚಿದರು. ಹುಡುಗಿ ಒಬ್ಬಳೇ ಔರಂಗಾಬಾದಿಗೆ ಹೋಗುವುದು ಹೇಗೆ, ಜೊತೆಗೆ ಅಮ್ಮ ಹೋಗಬೇಕು, ಅಮ್ಮ ಹೋದರೆ ಪರೀಕ್ಷೆ ಮುಗಿಯುವ ತನಕ ಗೇಟಿನ ಹೊರಗೆ ಬಿಸಿಲಲ್ಲಿ ಗಂಡಸರ ನಡುವೆ ನಿಲ್ಲಬೇಕು, ಅದು ಹೇಗೆ, ಆಗ ಅವರಿಗೆ ಹೊಳೆದದ್ದು, ಹೋಟೆಲಿನವರ ಬುದ್ಧಿ, ನೀನೂ ಒಂದು ಫಾರಂ ತುಂಬು ಮಾರಾಯ್ತಿ, ಫ್ಯಾನಿನ ಕೆಳಗೆ ಕೂತು ಕಾಯ್ಬಹುದು, ಪೇಪರ್ ಕೊಟ್ಟರೆ ಶ್ರೀರಾಮ ಶ್ರೀರಾಮ ಅಂತ ಬರೆದು ಬಾ, ಎಲ್ಲರೂ ನಕ್ಕರು, ಅವಳೂ ನಕ್ಕಳು, ನಗುತ್ತಲೇ ಸಹಿ ಹಾಕಿದಳು. ಜೊತೆ. ಅವಳು ಯಾವಾಗ ಜೊತೆಯಾಗಿರಲಿಲ್ಲ, ಪಾಠ ಹೇಳಲು ಬರುತ್ತಿದ್ದ ಮುದಿ ಮಾಸ್ತರರ ಎದುರು ಬೆಳೆದ ಹುಡುಗಿಯನ್ನು ಒಬ್ಬಳೇ ಕೂರಿಸಬಾರದೆಂದು ಹೊಸ್ತಿಲಲ್ಲಿ ಕೂತು ಅಕ್ಕಿ ಆರಿಸಿದ್ದು ಯಾರು, ಮಗಳ ಪುಸ್ತಕ ಸರಿಸಿಡುವ ನೆಪದಲ್ಲಿ ಮರಾಠಿ ಓದಿ ಬರೆಯಲು ಕಲಿತದ್ದು ಯಾರು, ಶಿವಾಜಿಯ ಕೋಟೆಗಳು, ತ್ರಿಭುಜದ ಕೋನಗಳು, ಎಕ್ಸ್ ಎಂದರೆ ಗೊತ್ತಿಲ್ಲದ್ದು ಎಂದು ಮಾಸ್ತರರು ಮರಾಠಿಯಲ್ಲಿ ಹೇಳಿದರೆ ಮೊದಲು ಹೊಳೆಯುತ್ತಿದ್ದದ್ದು ಹೊಸ್ತಿಲಿನ ಆಚೆ, ಬಾಯಿ, ತುಮ್ಹಿ ಸಾಂಗಾ, ನೀವು ಹೇಳಿ ಎಂದು ಅವರು ಒಮ್ಮೆ ತಮಾಷೆಗೆ ಕೇಳಿದಾಗ ಅವಳು ಹೇಳಿಬಿಟ್ಟಿದ್ದಳು, ಹೇಳಿದ ಮೇಲೆ ನಾಚಿಕೊಂಡು ಮೊರವನ್ನು ಮುಖಕ್ಕೆ ಹಿಡಿದಿದ್ದಳು, ಹರಿಣಿ ಬಿದ್ದು ಬಿದ್ದು ನಕ್ಕಿದ್ದಳು, ಅಮ್ಮ, ಎಕ್ಸ್ ಸಿಕ್ಕಿತಾ ಮೊರದಲ್ಲಿ.

ನೀವು ಪಾಸು ಅತ್ತಿಗೆ. ಈ ಮಾತನ್ನು ಎಲ್ಲಿಡುವುದು, ಈ ಮನೆಯಲ್ಲಿ ಒಂದು ಸೌಟು ತಂದರೂ ಅದಕ್ಕೊಂದು ಮೊಳೆ ಇದೆ, ಇದಕ್ಕೆ ಜಾಗ ಇಲ್ಲ, ಎದೆಯಲ್ಲಿ ಮೊದಲು ಎದ್ದದ್ದು ಏನು, ಸಂತೋಷವೇ, ಹೌದು, ಒಂದು ಕ್ಷಣ ಸಂತೋಷವೇ, ಸುಳ್ಳು ಹೇಳುವುದೇಕೆ, ಕಾಲಿನ ಕೆಳಗಿನ ನೆಲ ಸ್ವಲ್ಪ ಮೇಲೆದ್ದ ಹಾಗೆ ಆಯಿತು, ಕುಂದಾಪುರದ ಹೊಳೆ ದಾಟುವ ದೋಣಿಯಲ್ಲಿ ಹುಡುಗಿಯಾಗಿದ್ದಾಗ ಆಗುತ್ತಿದ್ದ ಹಾಗೆ, ಆಮೇಲೆ ಬಾಗಿಲ ಹತ್ತಿರ ಹರಿಣಿ ಕಂಡಳು, ಹಣೆಯಲ್ಲಿ ಕುಂಕುಮ, ಪಕ್ಕದ ಮನೆಯ ಶಾಂತಾಬಾಯಿ ಬೆಳಿಗ್ಗೆಯೇ ಬಂದು ಉಡಿ ತುಂಬಿ ಹುಶಾರ್ ಮುಲ್ಗೀ, ಜಾಣೆ ಹುಡುಗಿ, ಕಾಲೇಜಾತ್ ಗೇಲಿ ಕಿ ಆಮ್ಹಾಲಾ ವಿಸರೂ ನಕೋ, ಕಾಲೇಜಿಗೆ ಹೋದ ಮೇಲೆ ನಮ್ಮನ್ನು ಮರೆಯಬೇಡ ಎಂದು ಗಲ್ಲ ಹಿಡಿದು ಹೋಗಿದ್ದಳು, ಆಗ ಹುಡುಗಿ ನಗಲಿಲ್ಲ, ಅದನ್ನು ಅನಸೂಯ ನೋಡಿದ್ದಳು, ದೃಷ್ಟಿಯಾಗುತ್ತದೆಂದು ಹೆದರಿದ್ದಾಳೆ ಎಂದುಕೊಂಡಿದ್ದಳು, ಸದಾನಂದ ನಿಜ ಹೇಳಿದಾಗಲೂ ಹುಡುಗಿಯ ಮುಖ ಬದಲಾಗಲಿಲ್ಲ, ಗೊತ್ತಿದ್ದ ಹಾಗೆ, ಎಲ್ಲ ಮೊದಲೇ ಗೊತ್ತಿದ್ದ ಹಾಗೆ, ಎಲ್ಲರೂ ಬೆಚ್ಚಿಬಿದ್ದರು, ಇವರು ಸರಿಯಾಗಿ ನೋಡಿದ್ಯಾ ಮಾರಾಯ, ಅಮ್ಮ ಮಗಳ ಹೆಸರು ಅದಲು ಬದಲು ಆಯ್ತಾ ಎಂತ ಎಂದು ಮೂರು ಸಲ ಕೇಳಿದರು, ಸದಾನಂದ ಎರಡು ಸಲ ನೋಡಿದೆ ಅಣ್ಣಯ್ಯ, ಶಾಲೆಯವರ ಹತ್ತಿರವೂ ಕೇಳಿದೆ, ಫೋನಲ್ಲಿ ಹೇಳುವ ವಿಷಯ ಅಲ್ಲ ಅಂತ ಬಂದೆ ಎಂದ, ಹುಡುಗಿ ಮಾತ್ರ ಒಳಕೋಣೆಗೆ ಹೋಗಿ ಒಣಗಿದ ಬಟ್ಟೆ ಮಡಚಲು ಕೂತಳು, ಮಡಚುತ್ತಿದ್ದಾಳೆ, ಈಗಲೂ, ಒಂದೇ ಟವೆಲನ್ನು.

ಅನಸೂಯ ಒಳಗೆ ಹೋಗಿ ಅವಳ ಪಕ್ಕ ಕೂತಳು, ಏನು ಹೇಳುವುದು, ಪಾಸಾದವಳು ಫೇಲಾದವಳಿಗೆ ಹೇಳುವ ಮಾತು ಯಾವುದು, ತಾಯಿ ಮಗಳಿಗೆ ಹೇಳುವ ಮಾತಾದರೆ ಎಷ್ಟೋ ಇವೆ, ಹೋಗಲಿ ಬಿಡು ಮಗಾ, ಹೋಗಲಿ ಎನ್ನುವ ಹಾಗಿಲ್ಲವಲ್ಲ, ಹೋಗುವವಳು ಇವಳೇ, ಐದರ ಬಸ್ಸಿನಲ್ಲಿ ಮಾತು ಹೋಗುತ್ತದೆ, ಆಷಾಢ ಕಳೆದ ಮೇಲೆ ಹುಡುಗಿ. ಲೆಕ್ಕ ಕಷ್ಟ ಇತ್ತಾ ಮಗಾ, ಎಂದಳು. ಇರಲಿಲ್ಲ ಅಮ್ಮ. ಮತ್ತೆ. ಹರಿಣಿ ಟವೆಲನ್ನು ತೊಡೆಯ ಮೇಲೆ ಇಟ್ಟುಕೊಂಡು ನೆಲ ನೋಡುತ್ತಾ ಹೇಳಿದಳು, ಅವಳ ಕನ್ನಡ ಯಾವಾಗಲೂ ಹೀಗೆ, ಅರ್ಧ ಮರಾಠಿಯ ಮೇಲೆ ನಡೆಯುವುದು, ಪೇಪರ್ ಸೋಪಾ ಹೋತಾ, ಸುಲಭ ಇತ್ತು, ನಾನು ಶುರು ಮಾಡಿದೆ, ಮೊದಲಿನದ್ದು ಮಾಡಿದೆ, ಆಮೇಲೆ ನಿನ್ನ ಬಳೆ ಕೇಳಿಸ್ತು. ಬಳೆ. ಹೂಂ, ಹಿಂದಿನಿಂದ, ನೀನು ಬರೀತಾ ಇದ್ದೆ, ನಿಲ್ಲಿಸ್ಲೇ ಇಲ್ಲ, ನಾನು ಈಗ ನಿಲ್ಲಿಸ್ತಾಳೆ ಈಗ ನಿಲ್ಲಿಸ್ತಾಳೆ ಅಂತ ಕಾಯ್ತಾ ಕೂತೆ, ನೀನು ಯಾಕೆ ಹಾಗೆ ಬರೀತಿದ್ದೆ ಅಮ್ಮ, ನೀನು ಕಾಯ್ಲಿಕ್ಕೆ ಬಂದವಳಲ್ವಾ. ಅನಸೂಯ ಇನ್ನೊಂದು ಕೈಯಿಂದ ಬಳೆಗಳನ್ನು ಒತ್ತಿ ಹಿಡಿದಳು. ಸಿಟ್ಟು ಬಂತಾ ನಿನಗೆ ಎಂದು ಕೇಳಿದಳು. ಇಲ್ಲ, ಎಂದಳು ಹುಡುಗಿ, ಮೊದಲು ಒಳ್ಳೇದು ಅನ್ನಿಸ್ತು, ಆಮೇಲೆ ಹೆದರಿಕೆ ಆಯ್ತು, ಆಮೇಲೆ ಏನೂ ಬರಲಿಲ್ಲ, ಎಕ್ಸ್ ನೋಡಿದರೆ ಎಕ್ಸ್ ಹಾಗೇ ಕೂತಿತ್ತು.

ಆ ಕೋಣೆ — ಶಹಾಬಾದಿ ಕಲ್ಲಿನ ನೆಲ, ಎತ್ತರದ ಕಿಟಕಿಗಳು, ಹೊರಗೆ ಬೇವಿನ ಮರದಲ್ಲಿ ಗಿಳಿಗಳು, ಇಬ್ಬರೂ ಒಟ್ಟಿಗೆ ಫಾರಂ ತುಂಬಿದ್ದರಿಂದ ಹರಿಣಿಯ ಹಿಂದಿನ ಬೆಂಚೇ ಅವಳದ್ದು, ಮೊದಲ ದಿನ ನಿಜವಾಗಿ ಕಾಯಲೆಂದೇ ಕೂತಿದ್ದಳು, ಮಗಳ ಬೆನ್ನು ನೋಡುತ್ತಾ, ಜಡೆಯ ರಿಬ್ಬನ್ ಸಡಿಲವಾಗಿದೆ, ಕಟ್ಟಬೇಕಿತ್ತು ಎಂದುಕೊಳ್ಳುತ್ತಾ, ಆಮೇಲೆ ಸುಮ್ಮನೆ ಪ್ರಶ್ನೆ ಓದಿದಳು, ಓದಿದರೆ ಉತ್ತರ ಗೊತ್ತಿತ್ತು, ಗೊತ್ತಿದ್ದದ್ದನ್ನು ಬರೆಯದೆ ಇರುವುದು ಹೇಗೆ, ಉಕ್ಕುತ್ತಿರುವ ಹಾಲನ್ನು ನೋಡುತ್ತಾ ಕೂರಲು ಯಾವ ಹೆಂಗಸಿಗೆ ಸಾಧ್ಯ, ಬರೆದಳು, ಮರುದಿನವೂ ಬರೆದಳು, ಗಣಿತದ ದಿನ ಅಂತೂ ಕೈ ತಾನಾಗಿ ಓಡಿತು, ಹದಿನಾರನೆಯ ವರ್ಷಕ್ಕೆ ಧಾರೆಯೆರೆಸಿಕೊಂಡು ಬಂದ ಮೇಲೆ ಒಲೆಯ ಹತ್ತಿರ ನಿಂತ ಕೈ, ಯಾರದೋ ಊಟ, ಯಾರದೋ ಮದ್ದು, ಯಾರದೋ ಕಷಾಯ, ಈ ಕೈ ಯಾರ ಹೊಟ್ಟೆಗೂ ಸೇರದ ಒಂದು ಕೆಲಸ ಮಾಡಿದ್ದು ಅದೇ ಮೊದಲು, ಮೇಲ್ವಿಚಾರಕ ಬಂದು ಅಹೋ ಬಾಯಿ, ಬಾಂಗಡ್ಯಾ ಎಂದು ಮೆಲ್ಲನೆ ಹೇಳಿದ್ದ, ಬಳೆಗಳ ಸದ್ದು ಬೇರೆಯವರಿಗೆ ತೊಂದರೆ ಎಂದು, ಅವಳು ಬಳೆಗಳನ್ನು ಮೇಲಕ್ಕೆ ಏರಿಸಿದಳು, ಬರೆಯುತ್ತಾ ಅವು ಮತ್ತೆ ಇಳಿದವು, ಅವಳಿಗೆ ತಿಳಿಯಲೂ ಇಲ್ಲ. ನಡುವೆ ಒಂದು ಸಲ ತಲೆಯೆತ್ತಿದ್ದಳು. ಮಗಳ ಬೆನ್ನು ಹಾಗೇ ಇತ್ತು, ಬಲಗಡೆಯ ಮೊಣಕೈ ಬೆಂಚಿನ ಅಂಚಿನಿಂದ ಸ್ವಲ್ಪ ಹೊರಗೆ ಬಂದಿತ್ತು, ಅಲುಗುತ್ತಿರಲಿಲ್ಲ. ಮುಗಿಸಿಬಿಟ್ಟಿದ್ದಾಳೆ, ಎಂದುಕೊಂಡಿದ್ದಳು. ಆ ಮಾತೇ ಈಗ ಬಾಣದ ಹಾಗೆ ತಿರುಗಿ ಬಂದು ಚುಚ್ಚುತ್ತಿದೆ, ಮುಗಿಸಿಬಿಟ್ಟಿದ್ದಾಳೆ ಎಂದುಕೊಂಡು ಹೆಮ್ಮೆಯಿಂದ ಮುಂದಿನ ಲೆಕ್ಕಕ್ಕೆ ಬಾಗಿದ್ದಳಲ್ಲ, ತಾಯಿ, ಹಾಲು ಉಕ್ಕುವುದು ಪಕ್ಕದ ಮನೆಯದ್ದಾದರೂ ವಾಸನೆಯಲ್ಲೇ ತಿಳಿಯುವವಳು, ಅಲುಗದ ಆ ಮೊಣಕೈಯನ್ನು ನೋಡಿ ಏನೂ ತಿಳಿಯಲಿಲ್ಲವಲ್ಲ.

ಕೆಳಗೆ ಯಾರೋ ಶಿರಾ ಏಕ್ ಅವುರ್ ಎಂದು ಕೂಗಿದರು, ಗಂಡನ ನಗು ಕೇಳಿಸಿತು, ಖಾ ಖಾ, ಪೋರ್ಗಿ ಪಾಸ್ ಝಾಲಿ, ಹುಡುಗಿ ಪಾಸಾದಳು, ತಿನ್ನಿ, ಅಯ್ಯೋ, ನಿಜ ತಿಳಿದ ಮೇಲೂ ಹೇಳುತ್ತಿದ್ದಾರೆ, ಎಷ್ಟು ಸಲೀಸಾಗಿ ಬರುತ್ತದೆ, ಕೆಟ್ಟವರಲ್ಲ, ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಮುಂಬಯಿಯಲ್ಲಿ ಪಾತ್ರೆ ತೊಳೆದು ಮೇಲೆ ಬಂದವರು, ಓದಿಲ್ಲ ಎಂದು ನನಗೆ ಎಂತ ಕಡಿಮೆಯಾಗಿದೆ ಎಂದು ಯಾವಾಗಲೂ ಕೇಳುವವರು, ಹಾಗಾದರೆ ಹುಡುಗಿಗೆ ಮಾತ್ರ ಯಾಕೆ ಈ ಪರೀಕ್ಷೆ, ರತ್ನಾಕರನೂ ಕೆಟ್ಟವನಲ್ಲ, ಅದೇ ಕಷ್ಟ, ಸದಾನಂದನ ಹೆಂಡತಿ ಜಲಜಾಕ್ಷಿಯ ತಮ್ಮ, ಮೆತ್ತಗಿನ ಹುಡುಗ, ಪರೀಕ್ಷೆಯ ದಿನಗಳಲ್ಲಿ ಇಬ್ಬರಿಗೂ ತಾನೇ ಟಾಂಗಾ ಕರೆಸಿ ಕೊಟ್ಟವನು, ಅವನೂ ಇದೇ ಪರೀಕ್ಷೆಯಲ್ಲಿ ಎರಡು ಸಲ ಬಿದ್ದಿದ್ದಾನೆ, ಬಿದ್ದಾಗ ಅವನನ್ನು ಯಾರಿಗೂ ಕೊಡಲಿಲ್ಲ, ಗಲ್ಲೆಯಲ್ಲಿ ಕೂರಿಸಿದರು, ಈಗ ಅವನ ಫೇಲು ಯಾರಿಗೂ ನೆನಪಿಲ್ಲ, ಹರಿಣಿಯ ಫೇಲನ್ನು ಕಟ್ಟಿಕೊಂಡು ಅವಳು ಅವನ ಮನೆಗೆ ಹೋಗಬೇಕು, ಇಡೀ ಬದುಕು ಆ ಮಾತು ತಟ್ಟೆಯ ಪಕ್ಕದಲ್ಲಿ ಕೂರುತ್ತದೆ, ಓದಲಿಕ್ಕೆ ಆಗಲಿಲ್ಲ, ಹಾಗೆ ಮದುವೆ ಮಾಡಿದ್ದು. ಮತ್ತೆ ತಾನು, ತಾನು ಪಾಸಲ್ಲವೇ, ಪಾಸಾದರೆ ಕಾಲೇಜು ಎಂದಲ್ಲವೇ ಅವರು ಹೇಳಿದ್ದು, ಯಾಕೆ ಯಾರೂ ತನ್ನನ್ನು ಕಾಲೇಜಿಗೆ ಕಳಿಸುವ ಮಾತು ಎತ್ತಲಿಲ್ಲ, ಎತ್ತಿದ್ದರೆ ಎಲ್ಲರೂ ನಗುತ್ತಿದ್ದರು, ತಾನೂ ನಗುತ್ತಿದ್ದಳು, ಅದಲ್ಲ, ನಗುವುದು ಬೇರೆ, ಒಂದೇ ಪರೀಕ್ಷೆ, ಒಂದೇ ಕೋಣೆ, ಒಂದೇ ದಿನ, ಪಾಸಾದವಳಿಗೆ ಅದರಿಂದ ಏನೂ ಆಗುವುದಿಲ್ಲ, ನಾಳೆ ಬೆಳಿಗ್ಗೆ ಅದೇ ಒರಳು, ಅದೇ ಅಕ್ಕಿ, ಫೇಲಾದವಳಿಗೆ ಮಾತ್ರ ಎಲ್ಲ ಆಗಿಹೋಗುತ್ತದೆ, ಇದು ಯಾವ ತಕ್ಕಡಿ, ಒಂದು ತಟ್ಟೆ ಅಲುಗುವುದೇ ಇಲ್ಲ, ಇನ್ನೊಂದು ನೆಲಕ್ಕೆ ಬಡಿಯುತ್ತದೆ, ತನ್ನ ಪಾಸಿಗೆ ತೂಕ ಇಲ್ಲದಿದ್ದರೆ ಅವಳ ಫೇಲಿಗೆ ತೂಕ ಎಲ್ಲಿಂದ ಬಂತು. ಇದನ್ನು ಯಾರಿಗೆ ಹೇಳುವುದು. ಹಿಂದಿನ ಕೋಣೆಯಲ್ಲಿ ಸದಾನಂದ ಕೈಕಾಲು ತೊಳೆದು ಅಂಗಿ ಬದಲಿಸುತ್ತಿದ್ದಾನೆ, ಬಾಗಿಲ ಸಂದಿಯಿಂದ ಅವನ ಚೀಲ ಕಾಣುತ್ತದೆ, ಅತ್ತಿಗೆ, ಹೊರಡ್ತೇನೆ, ದಾರಿಯಲ್ಲಿ ಯೇವಲಾದಲ್ಲಿ ಚಹಾ ಕುಡೀತೇನೆ, ಬೇಡ, ನೀವು ಎಂತ ಮಾಡಬೇಡಿ ಎನ್ನುತ್ತಾನೆ, ಅವಳ ಮುಖ ನೋಡಲು ಅವನಿಗೆ ಧೈರ್ಯವಿಲ್ಲ, ಒಂದು ನಿಮಿಷ ನಿಲ್ಲಿ ಸದಾನಂದ, ಎಂದದ್ದು ತನ್ನದೇ ಧ್ವನಿ.

ಹಿಂದಿನ ಮೆಟ್ಟಿಲು ಇಳಿದರೆ ಅಡುಗೆಮನೆ, ಮನೆಯ ಹೆಂಗಸರು ಅಲ್ಲಿಯ ತನಕ ಮಾತ್ರ, ಅದರಾಚೆಯ ಬಾಗಿಲಿಗೆ ಪರದೆ, ಪರದೆಯಾಚೆ ಗಿರಾಕಿಗಳು, ಮದುವೆಯಾಗಿ ಬಂದ ಮೇಲೆ ಹೋಟೆಲು ತೆರೆದಿರುವಾಗ ಅವಳು ಪರದೆ ದಾಟಿದ್ದಿಲ್ಲ, ತಾನು ಕಡೆದ ಚಟ್ನಿಯನ್ನು ತಿನ್ನುವವರ ಮುಖವನ್ನು ಅವಳು ನೋಡಿದ್ದೇ ಇಲ್ಲ — ಪರದೆಗೆ ಎಣ್ಣೆಯ ಜಿಡ್ಡು, ಅಷ್ಟು ಹಗುರ ಎಂದು ಗೊತ್ತಿರಲಿಲ್ಲ, ಸರಿಸಿದ ಕೂಡಲೇ ಬೆಳಕು, ಅಮೃತಶಿಲೆಯ ಮೇಜುಗಳು, ಕೈಗಳು, ಎಷ್ಟು ಕೈಗಳು, ಎಲ್ಲದರಲ್ಲೂ ಹಳದಿ ಶಿರಾ, ಗಲ್ಲೆಯ ಹಿಂದೆ ಗಂಡ ಚಿಲ್ಲರೆ ಕೊಡುತ್ತಿದ್ದವರು ಅವಳನ್ನು ನೋಡಿ ಎಂತ, ಯಾರಿಗೆ ಎಂತ ಆಯ್ತು ಎಂದು ಎದ್ದರು, ಯಾರಿಗಾದರೂ ಏನಾದರೂ ಆಗದೆ ಹೆಂಗಸು ಇಲ್ಲಿಗೆ ಬರುವುದಿಲ್ಲವಲ್ಲ, ಪಾಸಾದವಳು ನಾನು, ಎಂದಳು ಅನಸೂಯ, ದೊಡ್ಡದಾಗಿ ಅಲ್ಲ, ಆದರೆ ಮರಾಠಿಯಲ್ಲಿ, ಅದು ಹೇಗೆ ಮರಾಠಿಯಲ್ಲಿ ಬಂತೋ, ಪಾಸ್ ಮೀ ಝಾಲೇ, ಮೇಜುಗಳಲ್ಲಿ ಇದ್ದವರಿಗೆಲ್ಲ ತಿಳಿಯಿತು, ಒಬ್ಬ ಮುದುಕ ಚಮಚ ಕೆಳಗಿಟ್ಟ, ಗಂಡನ ಕಿವಿ ಕೆಂಪಾಯಿತು, ಒಳಗೆ ನಡೆ ಎಂದರು ಕನ್ನಡದಲ್ಲಿ, ಹಲ್ಲಿನ ನಡುವಿನಿಂದ, ನಡೀತೇನೆ, ಎಂದಳು ಅವಳೂ ಕನ್ನಡದಲ್ಲಿ, ನೀವು ಮಾತು ಕೊಟ್ಟಿದ್ದೀರಿ, ಪಾಸಾದರೆ ಕಾಲೇಜು ಅಂತ, ನನ್ನನ್ನು ಕಳಿಸಿ, ಇಲ್ಲವಾದರೆ ಆ ಮಾತು ತಮಾಷೆ ಅಂತ ಹೇಳಿ, ಪಾಸಿನದ್ದು ತಮಾಷೆಯಾದರೆ ಫೇಲಿನದ್ದೂ ತಮಾಷೆಯೇ, ಅಕ್ಟೋಬರಿಗೆ ಅವಳು ಗಣಿತ ಮತ್ತೆ ಕಟ್ಟಲಿ. ಮಾತು ಅರ್ಥವಾಗದ ಗಿರಾಕಿಗಳೂ ತಿನ್ನುವುದನ್ನು ನಿಲ್ಲಿಸಿದ್ದರು, ಹಿಂದೆ ಪರದೆಯ ಹತ್ತಿರ ಸದಾನಂದ ಚೀಲ ಹಿಡಿದುಕೊಂಡು ಬಂದು ನಿಂತದ್ದು ಅವಳಿಗೆ ಉಸಿರಿನಿಂದ ತಿಳಿಯಿತು, ಗಂಡ ಅವಳನ್ನು ನೋಡುತ್ತಲೇ ಇದ್ದರು, ಎಂದೂ ನೋಡದವಳನ್ನು ನೋಡುವ ಹಾಗೆ, ಸಿಟ್ಟಿಗಿಂತ ಹೆಚ್ಚಾಗಿ ಬೆರಗು, ಆಮೇಲೆ ಚಿಲ್ಲರೆಯನ್ನು ಗಲ್ಲೆಯೊಳಗೆ ಬಿಟ್ಟು ಮುಚ್ಚಳ ಹಾಕಿದರು, ಅಕ್ಟೋಬರ್, ಎಂದರು, ಒಂದೇ ಸಲ, ಮತ್ತೆ ಬಿದ್ದರೆ ಯಾರ ಮಾತೂ ಕೇಳುವುದಿಲ್ಲ, ಸದಾನಂದ, ರತ್ನಾಕರನ ಕಡೆಯವರಿಗೆ ದಸರೆ ಕಳೆದ ಮೇಲೆ ನೋಡುವ ಅಂತ ಹೇಳು, ಮತ್ತೆ ಅವಳ ಕಡೆ ತಿರುಗಿ, ಜೊತೆಗೆ ನೀನೇ ಹೋಗು.

ಹೂಂ ಎಂದಳು, ಗೆದ್ದಳು, ಗೆದ್ದದ್ದು ಹೌದಲ್ಲ, ಹಿಂದಕ್ಕೆ ಮೆಟ್ಟಿಲು ಹತ್ತುತ್ತಿದ್ದಾಳೆ, ಹರಿಣಿಗೆ ಹೇಳಬೇಕು, ಓಡಬೇಕು, ಕಾಲು ಓಡುತ್ತಿಲ್ಲ, ಅಕ್ಟೋಬರ್, ಒಂದೇ ಸಲ, ಮತ್ತೆ ಅದೇ ಕೋಣೆ, ಅದೇ ಕಾಗದ, ಎಲ್ಲವೂ ಮತ್ತೆ ಆ ಕಾಗದದ ಮೇಲೇ, ಒಂದು ಬೆಳಗಿನ ಮೇಲೆ, ಈ ಸಲ ಬೆನ್ನ ಹಿಂದೆ ಯಾರೂ ಇಲ್ಲ, ತಾನು ಗೇಟಿನ ಹೊರಗೆ ಬಿಸಿಲಲ್ಲಿ ನಿಲ್ಲುತ್ತಾಳೆ, ಗಂಡಸರ ನಡುವೆ ನಿಲ್ಲುತ್ತಾಳೆ, ಅಲ್ಲಿಂದ ಕೋಣೆಯ ತನಕ ಬಳೆಯ ಸದ್ದು ಬರುವುದಿಲ್ಲ, ಬರುವುದಿಲ್ಲವೇ, ಹುಟ್ಟಿದಂದಿನಿಂದ ಕೇಳಿಕೊಂಡು ಬಂದ ಸದ್ದು, ಕೇಳಿಸದಿದ್ದರೆ ಎಲ್ಲಿ ಹೋಯಿತು ಎಂದು ಹುಡುಗಿ ಕಿವಿಗೊಟ್ಟು ಕೂತರೆ, ಆಗಲೂ ಕಾಯುತ್ತಾ ಕೂತರೆ, ಮೆಟ್ಟಿಲ ನಡುವೆ ನಿಂತಳು, ಮೇಲೆ ಕೋಣೆಯ ಬಾಗಿಲು ತೆರೆದಿದೆ, ಹರಿಣಿ ಬೆನ್ನು ಹಾಕಿ ಕೂತಿದ್ದಾಳೆ, ಮಗಾ, ಎನ್ನಬೇಕು, ಸಡಿಲವಾದ ಜಡೆ, ಟವೆಲು, ಬಲಗಡೆಯ ಮೊಣಕೈ, ಮೊಣಕೈ, ಅಲುಗುತ್ತಿಲ್ಲ —